ಅಲೆ ಎಲ್ಲಿ ತಿರುಗಿ ಬಂತು? ಅಪಾಯದ ಎದೆಬಡಿತದ ದೋಷ ಹುಡುಕುವ ಬಗೆ

ಮೊದಲೇ ಒಂದು ಮಾತು. ನಿಮ್ಮ ಕಣ್ಣೆದುರು ಈಗಲೇ ಯಾರಾದರೂ ಕುಸಿದು ಬಿದ್ದಿದ್ದರೆ, ಕೂಗಿದರೂ ಓಗೊಡದಿದ್ದರೆ, ಉಸಿರು ನಿಂತಿದ್ದರೆ ಅಥವಾ ನೀರಿನಿಂದ ಹೊರಗೆ ತೆಗೆದ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಿದ್ದರೆ, ಇದನ್ನು ಓದುತ್ತಾ ಕೂರಬೇಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಹತ್ತಿರ ಎಇಡಿ, ಅಂದರೆ ಎದೆಗೆ ಶಾಕ್ ಕೊಡುವ ಪೆಟ್ಟಿಗೆ, ಇದ್ದರೆ ತರಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತಲು ಶುರು ಮಾಡಿ. ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಆ ಬಾಯಿ ಬಿಡುವುದನ್ನು ಉಸಿರಾಟ ಅಂದುಕೊಂಡು ಸುಮ್ನೆ ನಿಲ್ಲುವವರು ತುಂಬಾ ಜನ. ಅದು ಉಸಿರಾಟ ಅಲ್ಲ. ಫಿಬ್ರಿಲೇಶನ್‌ನಲ್ಲಿ, ಅಂದರೆ ಹೃದಯ ಹಿಂಡದೆ ಬರೀ ನಡುಗುವಾಗ, ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ದೋಷ ಯಾವುದು ಅಂತ ಆಮೇಲೆ ನೋಡಿದರಾಯಿತು.

ಅಂಥ ತುರ್ತು ಇಲ್ಲ, ಕೈಯಲ್ಲಿ ಒಂದು ಇಸಿಜಿ ಇದೆ, ಅಥವಾ ಮನೆಯವರೊಬ್ಬರು ಕಾರಣವಿಲ್ಲದೆ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾರೆ, ಏನಾಗುತ್ತಿದೆ ಅಂತ ತಿಳಿಯಬೇಕು ಅಂತಿದ್ದರೆ ಮುಂದೆ ಓದಿ. ನರ್ಸಿಂಗ್ ಕಲಿಯುವವರು, ಇಸಿಜಿ ತೆಗೆಯುವವರು, ಮನೆಯಲ್ಲಿ ಇಂಥ ಕಾಯಿಲೆ ನೋಡುತ್ತಿರುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ವೈದ್ಯರ ಕೆಲಸ. ಆದರೆ ಸರಿಯಾದ ಪ್ರಶ್ನೆ ಕೇಳುವುದು ಎಲ್ಲರ ಕೆಲಸ.

ಸರಿ ಇದ್ದಾಗ ಹೇಗಿರುತ್ತದೆ

ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಎಸ್‌ಎ ನೋಡ್ ಅಂತ ಒಂದು ಚಿಕ್ಕ ಜಾಗ ಇದೆ. ನಿಮಿಷಕ್ಕೆ 60ರಿಂದ 100 ಸಲ ಅಲ್ಲಿಂದ ವಿದ್ಯುತ್ತಿನ ಅಲೆ ಹೊರಡುತ್ತದೆ. ಮೇಲಿನ ಎರಡೂ ಕೋಣೆಗಳಲ್ಲಿ ಹರಡಿ, ನಡುವಿನ ಎವಿ ನೋಡ್‌ಗೆ ಬಂದು ಅಲ್ಲಿ ನಿಧಾನವಾಗುತ್ತದೆ. ಸೆಕೆಂಡಿಗೆ ಬರೀ 5 ಸೆಂಟಿಮೀಟರ್‌ನಷ್ಟು ವೇಗ. ಮೇಲಿನ ಕೋಣೆ ರಕ್ತವನ್ನು ಕೆಳಕ್ಕೆ ತಳ್ಳಿ ಮುಗಿಸಲಿ ಅಂತಲೇ ಈ ತಡ. ಅಲ್ಲಿಂದ ಹಿಸ್ ಕಟ್ಟು, ಅದರ ಎಡ ಬಲ ಕವಲು, ಕೊನೆಗೆ ಪರ್ಕಿಂಜೆ ಎಳೆಗಳು. ಇಲ್ಲಿ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಹಾಗಾಗಿ ಕೆಳಗಿನ ಕೋಣೆಗಳ ಸ್ನಾಯು ಹೆಚ್ಚೂಕಡಿಮೆ ಒಟ್ಟಿಗೇ ಹಿಂಡುತ್ತದೆ.

ಇನ್ನೂ ಸ್ವಲ್ಪ ಒಳಗೆ ಹೋಗೋಣ, ಯಾಕೆಂದರೆ ಎಲ್ಲ ದೋಷದ ಬೇರು ಇಲ್ಲೇ ಇದೆ. ಕೆಳಗಿನ ಕೋಣೆಯ ಸ್ನಾಯುವಿನ ಒಂದು ಜೀವಕೋಶ ಸುಮ್ಮನಿರುವಾಗ ಅದರ ಒಳಗೆ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಅಲೆ ಬಂದು ತಟ್ಟಿದ ಕೂಡಲೇ ಸೋಡಿಯಂ ಒಳಗೆ ನುಗ್ಗುತ್ತದೆ, ವೋಲ್ಟೇಜ್ ಸೊನ್ನೆ ದಾಟಿ ಮೇಲಕ್ಕೆ ಹೋಗುತ್ತದೆ. ಆಮೇಲೆ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಅದೇ ಸ್ನಾಯುವನ್ನು ಹಿಂಡಿಸುವುದು. ಕೊನೆಗೆ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನ ಹಾಗಾಗುತ್ತದೆ. ಇಷ್ಟೂ ಮುಗಿಯಲು ಸುಮಾರು 300 ಮಿಲಿಸೆಕೆಂಡ್ ಬೇಕು, ಮತ್ತು ಅದರ ಬಹುಪಾಲು ಹೊತ್ತು ಆ ಜೀವಕೋಶ ದಣಿದಿರುತ್ತದೆ. ಎಷ್ಟೇ ತಟ್ಟಿದರೂ ಎದ್ದೇಳುವುದಿಲ್ಲ.

ಈ ದಣಿವೇ ನಮ್ಮನ್ನು ಕಾಯುವುದು. ಕೆರೆಗೆ ಎರಡು ಕಲ್ಲು ಎಸೆದರೆ ಎರಡು ಅಲೆಗಳೂ ಒಂದನ್ನೊಂದು ದಾಟಿಕೊಂಡು ಹೋಗುತ್ತವೆ, ಅಲ್ವಾ? ಹೃದಯದ ಅಲೆ ಹಾಗಲ್ಲ. ಅದು ಒಣಹುಲ್ಲಿಗೆ ಬಿದ್ದ ಬೆಂಕಿಯ ಹಾಗೆ. ಎರಡು ಕಡೆಯಿಂದ ಬಂದ ಬೆಂಕಿ ಎದುರಾದರೆ ಎರಡೂ ಅಲ್ಲೇ ಆರುತ್ತವೆ, ಯಾಕೆಂದರೆ ಎರಡರ ಹಿಂದೆಯೂ ಸುಟ್ಟ ನೆಲವೇ ಇದೆ. ಎಸ್‌ಎ ನೋಡ್‌ನಿಂದ ಹೊರಟ ಅಲೆ ಇಡೀ ಹೃದಯ ಸುತ್ತಿ, ಮುಂದೆ ಹೋಗಲು ಜಾಗವಿಲ್ಲದೆ ತಾನಾಗಿಯೇ ಸಾಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೀಗೆ ಹುಟ್ಟಿ ಹೀಗೆ ಸಾಯುತ್ತದೆ.

ಹೆಚ್ಚಿನ ಅಪಾಯದ ಬಡಿತಗಳಲ್ಲಿ ಆಗುವುದು ಇಷ್ಟೇ: ಸಾಯಬೇಕಾದ ಅಲೆ ಸಾಯುವುದಿಲ್ಲ.

ಅಲೆ ಸಾಯದೆ ಉಳಿಯುವುದು ಹೇಗೆ

1913ರಲ್ಲಿ ಜಾರ್ಜ್ ಮೈನ್ಸ್ ಎಂಬ ಯುವ ವಿಜ್ಞಾನಿ ಪ್ರಾಣಿಗಳ ಹೃದಯದಿಂದ ಸ್ನಾಯುವಿನ ಉಂಗುರ ಕತ್ತರಿಸಿ ತೆಗೆದು, ಅದಕ್ಕೆ ವಿದ್ಯುತ್ತಿನಿಂದ ತಟ್ಟಿ ನೋಡಿದರು. ಸಾಮಾನ್ಯವಾಗಿ ಅಲೆ ಎರಡೂ ಕಡೆ ಹೊರಟು ಎದುರಿಗೆ ಸೇರಿ ಆರುತ್ತಿತ್ತು. ಆದರೆ ಸರಿಯಾದ ಹೊತ್ತಿನಲ್ಲಿ ತಟ್ಟಿದರೆ ಒಂದು ಕಡೆ ಸ್ನಾಯು ಇನ್ನೂ ದಣಿದಿರುತ್ತಿತ್ತು, ಅಲೆ ಅತ್ತ ಹೋಗದೆ ಇನ್ನೊಂದೇ ದಿಕ್ಕಿಗೆ ಹೊರಡುತ್ತಿತ್ತು. ಸುತ್ತಿಕೊಂಡು ಬರುವಷ್ಟರಲ್ಲಿ ಮೊದಲು ದಣಿದಿದ್ದ ಜಾಗ ಚೇತರಿಸಿಕೊಂಡಿರುತ್ತಿತ್ತು. ಆಮೇಲೆ ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಯಾರೂ ತಟ್ಟಬೇಕಾಗಿಲ್ಲ.

ಅಲೆ ಸುತ್ತುತ್ತಿದೆ ಅಂತ ಖಚಿತ ಮಾಡಿಕೊಳ್ಳಲು ಮೈನ್ಸ್ ಹೇಳಿದ ಪರೀಕ್ಷೆ ತುಂಬಾ ಸರಳ. ಉಂಗುರವನ್ನು ಒಂದು ಕಡೆ ಕತ್ತರಿಸಿ. ಬಡಿತ ನಿಂತರೆ ಅದು ಸುತ್ತುತ್ತಿತ್ತು. ನಿಲ್ಲದಿದ್ದರೆ ಎಲ್ಲೋ ಒಂದು ಜಾಗ ತಾನೇ ಕಿಡಿ ಹಾರಿಸುತ್ತಿದೆ ಅಂತ ಅರ್ಥ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಸುತ್ತಲು ಅಲೆಗೆ ಎಷ್ಟು ಜಾಗ ಬೇಕು? ಇದಕ್ಕೊಂದು ಸುಲಭದ ಲೆಕ್ಕ ಇದೆ. ಅಲೆಯ ವೇಗವನ್ನು ದಣಿವಿನ ಹೊತ್ತಿನಿಂದ ಗುಣಿಸಿ. ಸೆಕೆಂಡಿಗೆ 50 ಸೆಂಟಿಮೀಟರ್ ವೇಗ, 0.25 ಸೆಕೆಂಡ್ ದಣಿವು, ಅಂದರೆ 12.5 ಸೆಂಟಿಮೀಟರ್. ಸುತ್ತುವ ದಾರಿ ಇದಕ್ಕಿಂತ ಚಿಕ್ಕದಾದರೆ ಅಲೆ ತನ್ನ ಬಾಲವನ್ನೇ ತಾನು ಮುಟ್ಟಿ ಆರಿಹೋಗುತ್ತದೆ. ಆರೋಗ್ಯವಂತ ಹೃದಯದಲ್ಲಿ ಅಷ್ಟುದ್ದದ, ಬೇರೆ ಅಲೆ ಅಡ್ಡ ಬಾರದ ಸುತ್ತು ದಾರಿ ಸಿಗುವುದು ಕಷ್ಟ. ಈಗ ಕಾಯಿಲೆಯಿಂದ ವೇಗ 20ಕ್ಕೆ ಇಳಿದು, ದಣಿವು 0.15ಕ್ಕೆ ಇಳಿಯಿತು ಅಂದುಕೊಳ್ಳಿ. ಬರೀ 3 ಸೆಂಟಿಮೀಟರ್ ಸಾಕು. ಅಷ್ಟು ಜಾಗ ಎಲ್ಲಿ ಬೇಕಾದರೂ ಸಿಗುತ್ತದೆ.

ಹೃದಯಾಘಾತ ಆದವರಲ್ಲಿ ಇದೇ ನಡೆಯುವುದು. ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ. ಕಲೆಗೆ ವಿದ್ಯುತ್ ಹರಿಯುವುದಿಲ್ಲ. ಆದರೆ ಅದರ ನಡುವೆ ಬದುಕುಳಿದ ಸಣ್ಣ ಸಣ್ಣ ಎಳೆಗಳಿರುತ್ತವೆ, ಮುಳ್ಳುಬೇಲಿಯ ನಡುವಿನ ಕಾಲುದಾರಿಯ ಹಾಗೆ. ಅಲೆ ಅಲ್ಲಿ ಅಂಕುಡೊಂಕಾಗಿ, ತೆವಳಿಕೊಂಡು ಹೋಗಿ, ಇನ್ನೊಂದು ತುದಿಯಲ್ಲಿ ಹೊರಬರುವಾಗ ಹೊರಗಿನ ಸ್ನಾಯು ಆಗಲೇ ಚೇತರಿಸಿಕೊಂಡಿರುತ್ತದೆ. ಮತ್ತೊಂದು ಸುತ್ತು ಶುರು. ಆಘಾತವಾಗಿ ವರ್ಷಗಳೇ ಕಳೆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಡಿತ 180ಕ್ಕೆ ಏರುವುದು ಹೀಗೆ. ರಕ್ತನಾಳ ಸರಿ ಮಾಡಿಸಿಕೊಂಡು ಆಯಿತು, ಇನ್ನೇನೂ ಇಲ್ಲ ಅಂತ ನಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೊಳವೆ ಸರಿ ಮಾಡಿದ್ದಾರೆ, ವೈರಿಂಗ್‌ನ ಕಲೆ ಹಾಗೇ ಇದೆ.

ಉಂಗುರವೇ ಬೇಕು ಅಂತಲೂ ಇಲ್ಲ. ಅಲೆಯ ಅಂಚು ಎಲ್ಲಾದರೂ ಹರಿದರೆ ಆ ಹರಿದ ತುದಿ ಒಳಕ್ಕೆ ಮಡಿಚಿಕೊಂಡು ಸುಳಿಯಾಗುತ್ತದೆ, ಹೊಳೆಯಲ್ಲಿ ಬಂಡೆಯ ಹಿಂದೆ ಸುಳಿ ಏಳುವ ಹಾಗೆ. ಬೆಲೌಸೊವ್ ಮತ್ತು ಜಬೊಟಿನ್ಸ್ಕಿ ಅವರ ಹೆಸರಿನ ರಾಸಾಯನಿಕ ಕ್ರಿಯೆಯಲ್ಲಿ ಇಂಥ ಸುಳಿಗಳು ಬಣ್ಣಬಣ್ಣವಾಗಿ ಬರಿಗಣ್ಣಿಗೇ ಕಾಣುತ್ತವೆ. ಹೃದಯದ ಸ್ನಾಯುವಿನಲ್ಲೂ ಹೀಗೇ ಇರಬಹುದು ಅನ್ನುವ ಊಹೆ ಬಹಳ ಹಿಂದಿನದು. 1992ರಲ್ಲಿ ವೋಲ್ಟೇಜ್‌ಗೆ ತಕ್ಕಂತೆ ಹೊಳಪು ಬದಲಿಸುವ ಬಣ್ಣ ಹಾಕಿ, ತೆಳ್ಳಗಿನ ಸ್ನಾಯುವಿನ ಹಾಳೆಯ ಮೇಲೆ ಆ ಸುಳಿಯನ್ನು ನೇರವಾಗಿ ಕ್ಯಾಮೆರಾದಲ್ಲಿ ಹಿಡಿದರು. ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಅಷ್ಟು ಚೆಂದದ ಸುಳಿ, ಒಂದು ಜೀವ ತೆಗೆಯಬಲ್ಲದು.

ಕೆಳಗಿನ ಕೋಣೆಯಲ್ಲಿ ಸುಳಿ ಒಂದೇ ಕಡೆ ನಿಂತು ತಿರುಗಿದರೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಎಲ್ಲರೂ ಹೇಳುವಂತೆ ವಿಟಿ. ಬಡಿತ ಜೋರು, ಆದರೆ ಒಂದು ಲಯ ಇರುತ್ತದೆ. ಆ ಸುಳಿ ಒಡೆದು ಹತ್ತಾರು ಮರಿಸುಳಿಗಳಾದರೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್, ವಿಎಫ್. ಸ್ನಾಯುವಿನ ಒಂದೊಂದು ತುಂಡೂ ತನಗೆ ತೋಚಿದಂತೆ ನಡುಗುತ್ತದೆ, ರಕ್ತ ಒಂದು ಹನಿಯೂ ಸರಿಯಾಗಿ ಹೊರಗೆ ಹೋಗುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ.

ಕಿಡಿ ಬೇರೆ, ಒಣಹುಲ್ಲು ಬೇರೆ

ದೋಷ ಹುಡುಕುವವರು ಜಾಸ್ತಿ ಎಡವುವುದು ಇಲ್ಲೇ. ಸುತ್ತು ಶುರುವಾಗಲು ಎರಡು ಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬೀಳುವ ಒಂದು ಕಿಡಿ, ಮತ್ತು ಆ ಕಿಡಿಯನ್ನು ಸುಳಿಯಾಗಿಸುವ ನೆಲ. ಕಿಡಿ ಅಂದರೆ ಹೆಚ್ಚುವರಿ ಬಡಿತ. ಎದೆಯಲ್ಲಿ ಒಂದು ಸಲ ಧಡ್ ಅಂದು, ಒಂದು ಬಡಿತ ತಪ್ಪಿದ ಹಾಗೆ ಅನ್ನಿಸುತ್ತದಲ್ಲ, ಅದೇ. ಆರೋಗ್ಯವಾಗಿರುವವರಲ್ಲೂ ಇದು ಬಹಳ ಸಾಮಾನ್ಯ. ಹಸಿ ನೆಲಕ್ಕೆ ಬಿದ್ದ ಕಿಡಿ ಏನೂ ಮಾಡುವುದಿಲ್ಲ.

ಕಿಡಿಯನ್ನು ಆರಿಸಿಬಿಟ್ಟರೆ ಸಾಕಲ್ವಾ ಅಂತ ಕೇಳಬಹುದು. ಹಾಗೇ ಅಂದುಕೊಂಡು ಮಾಡಿದ ಕಾಸ್ಟ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 1989ರಲ್ಲಿ ಹೊರಬಂತು. ಹೃದಯಾಘಾತ ಆಗಿ ಹೆಚ್ಚುವರಿ ಬಡಿತ ಇದ್ದವರಿಗೆ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆ ಕೊಟ್ಟರು. ಇಸಿಜಿ ಅಚ್ಚುಕಟ್ಟಾಯಿತು, ಹೆಚ್ಚುವರಿ ಬಡಿತ ಮಾಯವಾಯಿತು. ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ಸಾವು, ತೆಗೆದುಕೊಳ್ಳದವರಿಗಿಂತ ಸುಮಾರು ಎರಡೂವರೆ ಪಟ್ಟು ಆಯಿತು. ಯಾಕೆ? ಈ ಮಾತ್ರೆಗಳು ಸೋಡಿಯಂ ಬಾಗಿಲನ್ನು ಮುಚ್ಚುತ್ತವೆ. ಸೋಡಿಯಂ ಕಡಿಮೆಯಾದರೆ ಅಲೆ ನಿಧಾನ. ಅಲೆ ನಿಧಾನವಾದರೆ ಮೇಲಿನ ಲೆಕ್ಕದ ಪ್ರಕಾರ ಸುತ್ತಲು ಬೇಕಾದ ಜಾಗ ಕಡಿಮೆ. ಕಿಡಿ ಕಡಿಮೆ ಮಾಡಿದರು ನಿಜ, ನೆಲವನ್ನು ಇನ್ನಷ್ಟು ಒಣಗಿಸಿಬಿಟ್ಟರು. ಇದನ್ನು ಓದಿದ ಮೇಲೆ ನಾನು ಬರೀ ಹೆಚ್ಚುವರಿ ಬಡಿತ ಎಣಿಸಿ ಭಯಪಡುವುದನ್ನೂ ಬಿಟ್ಟೆ, ಬರೀ ಅವು ಇಲ್ಲವೆಂದು ನೆಮ್ಮದಿಪಡುವುದನ್ನೂ ಬಿಟ್ಟೆ. ಕೇಳಬೇಕಾದ ಪ್ರಶ್ನೆ ಒಂದೇ. ಅಲೆಗೆ ತಿರುಗಿ ಬರಲು ದಾರಿ ಇದೆಯೇ?

ಇಸಿಜಿ ಕೈಗೆ ಬಂದಾಗ

ಮೊದಲು ಇದು ನಿಜವಾದ ಬಡಿತವೇ ಅಂತ ನೋಡಿ. ಕೈ ನಡುಕ, ಹಲ್ಲುಜ್ಜುವುದು, ಸಡಿಲವಾದ ಎಲೆಕ್ಟ್ರೋಡ್, ಇವೆಲ್ಲ ಮಾನಿಟರ್‌ನಲ್ಲಿ ಥೇಟ್ ವಿಟಿ ಹಾಗೇ ಕಾಣುತ್ತವೆ. ಆ ಗಲಾಟೆಯ ನಡುವೆ ಸರಿಯಾದ ಅಂತರದಲ್ಲಿ ಚೂಪಾದ ಗೀಟುಗಳು ನಡೆದುಕೊಂಡು ಹೋಗುತ್ತಿವೆಯೇ ಹುಡುಕಿ. ಬೆರಳಿಗೆ ಹಾಕಿದ ಆಕ್ಸಿಮೀಟರ್‌ನ ಅಲೆ ಶಾಂತವಾಗಿ 80ರಲ್ಲೇ ಇದ್ದು, ಪರದೆ ಮಾತ್ರ 200 ಅನ್ನುತ್ತಿದ್ದರೆ ವೈರ್ ನೋಡಿ. ಎಲ್ಲಕ್ಕಿಂತ ಮೊದಲು ಆ ಮನುಷ್ಯನ ಮುಖ ನೋಡಿ, ನಾಡಿ ಹಿಡಿದು ನೋಡಿ. ಪರದೆ ನೋಡಿಕೊಂಡೇ ಓಡಾಡುವ ಅಭ್ಯಾಸ ಒಳ್ಳೆಯದಲ್ಲ.

ಆಮೇಲೆ ವೇಗ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಚಿಕ್ಕ ಚೌಕ 0.04 ಸೆಕೆಂಡ್, ದೊಡ್ಡ ಚೌಕ 0.2 ಸೆಕೆಂಡ್. ಎರಡು ಬಡಿತದ ನಡುವೆ ಎಷ್ಟು ದೊಡ್ಡ ಚೌಕ ಇವೆಯೋ ಅದರಿಂದ 300ನ್ನು ಭಾಗಿಸಿ. ಎರಡು ಚೌಕ ಅಂದರೆ 150. ಸರಿಯಾಗಿ 150ರಲ್ಲೇ ಅಲುಗಾಡದೆ ನಿಂತಿದ್ದರೆ ಏಟ್ರಿಯಲ್ ಫ್ಲಟರ್ ಇರಬಹುದು. ಮೇಲಿನ ಕೋಣೆ 300ರಲ್ಲಿ ಸುತ್ತುತ್ತಿರುತ್ತದೆ, ಎವಿ ನೋಡ್ ಎರಡಕ್ಕೊಂದನ್ನು ಮಾತ್ರ ಕೆಳಕ್ಕೆ ಬಿಡುತ್ತಿರುತ್ತದೆ.

ವೇಗಕ್ಕಿಂತ ಮುಖ್ಯವಾದದ್ದು ಅಗಲ. ಕ್ಯೂಆರ್‌ಎಸ್, ಅಂದರೆ ಕೆಳಗಿನ ಕೋಣೆ ಏಳುವಾಗ ಬೀಳುವ ಚೂಪಾದ ಗೀಟು, ಮೂರು ಚಿಕ್ಕ ಚೌಕಕ್ಕಿಂತ, ಅಂದರೆ 0.12 ಸೆಕೆಂಡ್‌ಗಿಂತ ಕಿರಿದಾಗಿದ್ದರೆ ಅಲೆ ಪರ್ಕಿಂಜೆಯ ಹೆದ್ದಾರಿಯಲ್ಲೇ ಕೆಳಗಿಳಿದಿದೆ. ದೋಷ ಬಹುಮಟ್ಟಿಗೆ ಮೇಲಿನ ಕೋಣೆಯಲ್ಲೋ ಎವಿ ನೋಡ್‌ನಲ್ಲೋ ಇದೆ. ತೊಂದರೆ ಕೊಡುತ್ತದೆ, ಆದರೆ ಸಾಮಾನ್ಯವಾಗಿ ತಕ್ಷಣ ಜೀವ ತೆಗೆಯುವುದಿಲ್ಲ. ಅಗಲವಾಗಿದ್ದರೆ ಅಲೆ ಹೆದ್ದಾರಿ ಬಿಟ್ಟು ಸ್ನಾಯುವಿನ ಒಳದಾರಿಯಲ್ಲಿ ನಿಧಾನವಾಗಿ ಹೋಗುತ್ತಿದೆ. ವೇಗ ಜಾಸ್ತಿ, ಕ್ಯೂಆರ್‌ಎಸ್ ಅಗಲ, ಲಯ ಒಂದೇ ಸಮ, ಈ ಮೂರೂ ಸೇರಿದರೆ ಬೇರೆ ಏನು ಅಂತ ಖಚಿತವಾಗುವ ತನಕ ಅದು ವಿಟಿಯೇ. ಹಿಂದೆ ಹೃದಯಾಘಾತ ಆಗಿದ್ದರಂತೂ ಅನುಮಾನವೇ ಬೇಡ. ರೋಗಿ ಕುಳಿತು ಮಾತಾಡುತ್ತಿದ್ದಾರೆ, ಬಿಪಿ ಚೆನ್ನಾಗಿದೆ, ಹಾಗಾಗಿ ಇದು ವಿಟಿ ಇರಲಿಕ್ಕಿಲ್ಲ ಅನ್ನುವ ವಾದ ಕೇಳಿದ್ದೇನೆ. ತಪ್ಪು. ವಿಟಿಯಲ್ಲೂ ಜನ ಸ್ವಲ್ಪ ಹೊತ್ತು ಮಾತಾಡಿಕೊಂಡೇ ಇರುತ್ತಾರೆ. ಈ ತಪ್ಪು ಊಹೆಯ ಮೇಲೆ ಎವಿ ನೋಡ್ ನಿಧಾನ ಮಾಡುವ ವೆರಪಮಿಲ್ ಚುಚ್ಚಿದರೆ ಬಿಪಿ ಕುಸಿದು ಹೃದಯವೇ ನಿಲ್ಲಬಹುದು.

ಅಗಲ ಇದೆ, ವೇಗ 200 ದಾಟಿದೆ, ಲಯ ಮಾತ್ರ ಸ್ವಲ್ಪವೂ ಸಮ ಇಲ್ಲ, ಒಂದೊಂದು ಗೀಟಿನ ಅಗಲವೂ ಬೇರೆ ಬೇರೆ. ಇಲ್ಲಿ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಕೆಲವರಿಗೆ ಹುಟ್ಟಿನಿಂದಲೇ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇನ್ನೊಂದು ಕಳ್ಳದಾರಿ ಇರುತ್ತದೆ. ವುಲ್ಫ್, ಪಾರ್ಕಿನ್ಸನ್, ವೈಟ್ ಅವರು 1930ರಲ್ಲಿ ವಿವರಿಸಿದ್ದು ಇದನ್ನೇ. ಸುಮ್ಮನಿರುವಾಗ ತೆಗೆದ ಇಸಿಜಿಯಲ್ಲಿ ಕ್ಯೂಆರ್‌ಎಸ್‌ನ ಶುರುವಿನಲ್ಲಿ ಒಂದು ಇಳಿಜಾರು ಕಾಣುತ್ತದೆ, ಡೆಲ್ಟಾ ಅಲೆ ಅಂತಾರೆ. ಇಂಥವರಿಗೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಮೇಲಿನ ಕೋಣೆಯ ನಡುಕ, ಬಂದಾಗ ಎವಿ ನೋಡ್ ಮುಚ್ಚುವ ಔಷಧಿ ಕೊಟ್ಟರೆ, ಅಂದರೆ ಅಡಿನೋಸಿನ್, ವೆರಪಮಿಲ್, ಡಿಗಾಕ್ಸಿನ್ ಇಂಥವು, ಕಾವಲುಗಾರನನ್ನು ಮನೆಗೆ ಕಳಿಸಿ ಹಿಂಬಾಗಿಲು ತೆರೆದಿಟ್ಟ ಹಾಗೆ. ಕಳ್ಳದಾರಿಗೆ ತಡೆಯುವ ಬುದ್ಧಿ ಇಲ್ಲ, ಬಂದದ್ದೆಲ್ಲ ಕೆಳಗೆ ಇಳಿದು ವಿಎಫ್ ಆಗಬಹುದು.

ಇನ್ನು ಕ್ಯೂಟಿ. ಕ್ಯೂಆರ್‌ಎಸ್ ಶುರುವಿನಿಂದ ಅದರ ಹಿಂದೆ ಬರುವ ಗುಡ್ಡದಂಥ ಟಿ ಅಲೆ ಮುಗಿಯುವ ತನಕದ ಹೊತ್ತು, ಅಂದರೆ ಕೆಳಗಿನ ಕೋಣೆ ಎದ್ದು ಮತ್ತೆ ಚೇತರಿಸಿಕೊಳ್ಳುವ ತನಕ. ಬಡಿತ ಜೋರಾದರೆ ಇದು ತಾನಾಗಿ ಕಿರಿದಾಗುತ್ತದೆ, ಹಾಗಾಗಿ ತಿದ್ದಿ ನೋಡಬೇಕು. ಕ್ಯೂಟಿಯನ್ನು ಬಡಿತಗಳ ನಡುವಿನ ಅಂತರದ ವರ್ಗಮೂಲದಿಂದ ಭಾಗಿಸುವುದು ಬ್ಯಾಜೆಟ್ ಅವರ ಹಳೆಯ ಸೂತ್ರ. ಬಡಿತ 100 ಇದ್ದರೆ ಅಂತರ 0.6 ಸೆಕೆಂಡ್, ವರ್ಗಮೂಲ ಸುಮಾರು 0.775. ಅಳೆದ ಕ್ಯೂಟಿ 360 ಆಗಿದ್ದರೆ ತಿದ್ದಿದ್ದು ಸುಮಾರು 465 ಮಿಲಿಸೆಕೆಂಡ್. ಗಂಡಸರಲ್ಲಿ 450, ಹೆಂಗಸರಲ್ಲಿ 460 ದಾಟಿದರೆ ಉದ್ದ ಅಂತ ಲೆಕ್ಕ. 500 ದಾಟಿದರೆ ಅಪಾಯ ಗಂಭೀರ. ಬಡಿತ ತುಂಬಾ ಜೋರಿದ್ದಾಗ ಈ ಸೂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದೂ ಗೊತ್ತಿರಲಿ. ಮೆಷಿನ್ ಅಚ್ಚು ಹಾಕಿದ ಅಂಕಿಯನ್ನು ಹಾಗೇ ನಂಬಬೇಡಿ, ಸ್ಕೇಲ್ ಇಟ್ಟು ಒಂದು ಸಲ ಅಳೆಯಿರಿ.

ಕ್ಯೂಟಿ ಉದ್ದವಾದರೆ ಏನು ಕೆಡುತ್ತದೆ

ದಣಿವು ಜಾಸ್ತಿಯಾದರೆ ಸುತ್ತಲು ಜಾಗ ಜಾಸ್ತಿ ಬೇಕು, ಅದು ಒಳ್ಳೆಯದೇ ಅಲ್ವಾ? ಒಳ್ಳೆಯ ಪ್ರಶ್ನೆ. ಆದರೆ ಎರಡು ತೊಂದರೆ ಇವೆ. ಚೇತರಿಕೆ ಎಳೆದಾಡಿದಾಗ ಕ್ಯಾಲ್ಸಿಯಂ ಬಾಗಿಲು ಮತ್ತೆ ತೆರೆದುಕೊಂಡು, ಅರ್ಧ ಎದ್ದ ಜೀವಕೋಶ ಅಲ್ಲೇ ಇನ್ನೊಂದು ಕಿಡಿ ಹಾರಿಸುತ್ತದೆ. ಎರಡನೆಯದು, ಈ ಎಳೆದಾಟ ಇಡೀ ಹೃದಯದಲ್ಲಿ ಒಂದೇ ಸಮ ಇರುವುದಿಲ್ಲ. ಒಂದು ತುಂಡು ಎದ್ದು ಕೂತಿದೆ, ಪಕ್ಕದ್ದು ಇನ್ನೂ ದಣಿದಿದೆ. ಕಿಡಿ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ಹೋಗುವುದಿಲ್ಲ. ಮೈನ್ಸ್ ಅವರ ಉಂಗುರದಲ್ಲಿ ಬೇಕಾಗಿದ್ದುದು ಇದೇ ತಾನೇ?

ಹೀಗೆ ಹುಟ್ಟುವ ವಿಟಿಯ ಗೀಟುಗಳು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ, ರಿಬ್ಬನ್ ತಿರುಚಿದ ಹಾಗೆ ಕಾಣುತ್ತವೆ. 1966ರಲ್ಲಿ ಡೆಸರ್ಟೆನ್ ಎಂಬ ಫ್ರೆಂಚ್ ವೈದ್ಯರು ಇದಕ್ಕೆ ಟೊರ್ಸಾಡ್ ಡಿ ಪ್ವಾಂಟ್ ಅಂತ ಹೆಸರಿಟ್ಟರು. ಇದನ್ನು ಗುರುತಿಸುವುದು ಯಾಕೆ ಮುಖ್ಯ ಅಂದರೆ ಚಿಕಿತ್ಸೆಯೇ ಬೇರೆ. ಬೇರೆ ವಿಟಿಗೆ ಕೊಡುವ ಅಮಿಯೊಡರೋನ್ ಕ್ಯೂಟಿಯನ್ನು ಇನ್ನೂ ಎಳೆಯುತ್ತದೆ, ಇಲ್ಲಿ ಅದು ಬೇಡ. ರಕ್ತನಾಳಕ್ಕೆ ಮೆಗ್ನೀಸಿಯಂ ಕೊಡುತ್ತಾರೆ, ಪೊಟ್ಯಾಸಿಯಂ ತುಂಬುತ್ತಾರೆ, ಬೇಕಾದರೆ ಬಡಿತವನ್ನೇ ಬೇಕೆಂದು ಜೋರು ಮಾಡಿ ಕ್ಯೂಟಿಯನ್ನು ಕಿರಿದು ಮಾಡುತ್ತಾರೆ.

ಇಲ್ಲಿ ಔಷಧಿಗಳ ಪಟ್ಟಿಯನ್ನು ಪೂರ್ತಿ ಕೇಳದೆ ಮುಂದೆ ಹೋಗಬೇಡಿ. ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಬಿಡುವ ಒಂದು ಬಾಗಿಲಿಗೆ ಹರ್ಗ್ ಅಂತ ಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಔಷಧಿಗಳು ಹೋಗಿ ಅದಕ್ಕೇ ಅಂಟಿಕೊಳ್ಳುತ್ತವೆ. ಎರಿತ್ರೋಮೈಸಿನ್‌ನಂಥ ಆಂಟಿಬಯೋಟಿಕ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ನೋವಿಗೆ ಕೊಡುವ ಮೆಥಡೋನ್. ಬಡಿತ ಸರಿಪಡಿಸಲೆಂದೇ ಕೊಡುವ ಸೊಟಲಾಲ್ ಕೂಡ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಮಾರುಕಟ್ಟೆಯಿಂದ ಹೋದದ್ದೇ ಈ ಕಾರಣಕ್ಕೆ. ಒಂದೊಂದೇ ಆಗಿದ್ದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ವಾಂತಿ ಭೇದಿಯಾಗಿ ಪೊಟ್ಯಾಸಿಯಂ ಇಳಿದಿರುವಾಗ, ವಾಂತಿಗೊಂದು, ಸೋಂಕಿಗೊಂದು ಅಂತ ಎರಡು ಔಷಧಿ ಒಟ್ಟಿಗೆ ಬಿದ್ದಾಗ ಕೆಡುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಪಟ್ಟಿ ತೋರಿಸಿ ಕೇಳಿ, ಅಷ್ಟೇ.

ರಕ್ತದಲ್ಲಿ ಏನು ನೋಡಬೇಕು

ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ. ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕು. ಇಳಿದರೂ ಕಷ್ಟ, ಏರಿದರೂ ಕಷ್ಟ. ಏರಿದಾಗ ಟಿ ಅಲೆ ಗುಡಾರದ ಹಾಗೆ ಚೂಪಾಗುತ್ತದೆ, ಮೇಲಿನ ಕೋಣೆಯ ಗುರುತಾದ ಪಿ ಅಲೆ ಮಾಯವಾಗುತ್ತದೆ, ಕ್ಯೂಆರ್‌ಎಸ್ ಅಗಲವಾಗುತ್ತಾ ಹೋಗಿ ಕೊನೆಗೆ ಬರೀ ಏರಿಳಿತವೊಂದೇ ಉಳಿಯುತ್ತದೆ. ಕಿಡ್ನಿ ಕೆಟ್ಟವರಲ್ಲಿ, ಡಯಾಲಿಸಿಸ್ ತಪ್ಪಿಸಿಕೊಂಡವರಲ್ಲಿ ಅಗಲವಾದ, ವಿಚಿತ್ರವಾದ ಗೀಟು ಕಂಡರೆ ಮೊದಲು ಇದನ್ನೇ ನೆನೆಯಿರಿ. ರಿಪೋರ್ಟ್ ಬರುವ ಮುಂಚೆಯೇ ಕ್ಯಾಲ್ಸಿಯಂ ಕೊಡಬೇಕಾಗುತ್ತದೆ. ರಕ್ತನಾಳ ಈಗಲೇ ಕಟ್ಟಿಕೊಳ್ಳುತ್ತಿದೆಯೇ ಅನ್ನುವುದನ್ನು ಟ್ರೋಪೋನಿನ್, ಅಂದರೆ ಪೆಟ್ಟಾದ ಹೃದಯದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ವಸ್ತುವಿನ ಪರೀಕ್ಷೆ, ಮತ್ತು ಮತ್ತೆ ಮತ್ತೆ ತೆಗೆದ ಇಸಿಜಿ ಹೇಳುತ್ತವೆ. ರಕ್ತ ಸಿಗದ ಸ್ನಾಯುವಿನಲ್ಲಿ ಅಲೆ ನಿಧಾನವಾಗುತ್ತದೆ, ದಣಿವು ಏರುಪೇರಾಗುತ್ತದೆ. ಹೃದಯಾಘಾತದ ಮೊದಲ ಗಂಟೆಗಳಲ್ಲಿ ಜನ ಸಾಯುವುದು ಬಹುಮಟ್ಟಿಗೆ ಇದರಿಂದ ಹುಟ್ಟುವ ವಿಎಫ್‌ನಿಂದಲೇ.

ಎಲ್ಲ ಸರಿ ಇದೆ, ಆದರೂ ಬೀಳುತ್ತಿದ್ದಾರೆ

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಭಾಗ. ಇಸಿಜಿ ಬರೀ ಹತ್ತು ಸೆಕೆಂಡಿನ ಫೋಟೋ. ಆ ಹತ್ತು ಸೆಕೆಂಡಿನಲ್ಲಿ ದೋಷ ಬರದಿದ್ದರೆ ಅದು ಕಾಣುವುದಿಲ್ಲ. ನಾರ್ಮಲ್ ಇಸಿಜಿ ಹಿಡಿದುಕೊಂಡು ಏನೂ ಇಲ್ಲ, ಟೆನ್ಶನ್ ಇರಬೇಕು ಅಂತ ಕಳಿಸಿದ್ದನ್ನು ನೋಡಿದ್ದೇನೆ. ಫಿಟ್ಸ್ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ಕೊನೆಗೆ ಕ್ಯೂಟಿ ಉದ್ದ ಇತ್ತು ಅಂತ ತಿಳಿದದ್ದೂ ಇದೆ. ಮೆದುಳಿಗೆ ರಕ್ತ ನಿಂತಾಗಲೂ ಕೈಕಾಲು ಅದುರುತ್ತದೆ, ಅದರಿಂದಲೇ ಈ ಗೊಂದಲ.

ಹಾಗಾಗಿ ಕಥೆ ಕೇಳಿ. ತಾಳ್ಮೆಯಿಂದ ಕೇಳಿ. ಓಡುವಾಗ ಬಿದ್ದರೇ, ಓಡಿ ನಿಂತ ಮೇಲೆಯೇ? ಬೀಳುವ ಮುಂಚೆ ಬೆವರು, ವಾಕರಿಕೆ, ಕಣ್ಣು ಕತ್ತಲೆ ಬಂತೇ, ಅಥವಾ ಸ್ವಿಚ್ ಆರಿಸಿದ ಹಾಗೆ ಏನೂ ಸುಳಿವಿಲ್ಲದೆ ಬಿದ್ದರೇ? ತುಂಬಾ ಹೊತ್ತು ನಿಂತು, ಬೆವರಿ, ಕಣ್ಣು ಮಂಜಾಗಿ ಬಿದ್ದವರದ್ದು ಹೆಚ್ಚಿನ ಸಲ ಸಾಮಾನ್ಯ ತಲೆಸುತ್ತು. ಓಟದ ಮಧ್ಯೆ ಸುಳಿವಿಲ್ಲದೆ ಬಿದ್ದವರನ್ನು ಪೂರ್ತಿ ಪರೀಕ್ಷೆ ಮಾಡಿಸದೆ ಮತ್ತೆ ಓಡಲು ಬಿಡಬೇಡಿ. ಈಜುವಾಗ ಪ್ರಜ್ಞೆ ತಪ್ಪುವುದು ಒಂದು ಬಗೆಯ ಹುಟ್ಟು ಕ್ಯೂಟಿ ದೋಷದ ಗುರುತು, ಅಲಾರಂ ಹೊಡೆದಾಗ ಬೀಳುವುದು ಇನ್ನೊಂದರದ್ದು, ನಿದ್ದೆಯಲ್ಲಿ ಕಾಣಿಸಿಕೊಳ್ಳುವುದು ಮತ್ತೊಂದರದ್ದು. ಜ್ವರದಲ್ಲಿ ಬಿದ್ದರೆ ಬ್ರುಗಾಡ ದೋಷ ನೆನಪಾಗಬೇಕು. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡ ಸಹೋದರರು 1992ರಲ್ಲಿ ವಿವರಿಸಿದ್ದು. ಎದೆಯ ಬಲ ಲೀಡ್‌ಗಳಲ್ಲಿ, ಅಂದರೆ ವಿ1, ವಿ2ರಲ್ಲಿ ಎಸ್‌ಟಿ, ಅಂದರೆ ಕ್ಯೂಆರ್‌ಎಸ್‌ಗೂ ಟಿ ಅಲೆಗೂ ನಡುವಿನ ಗೆರೆ, ಮೇಲೆದ್ದು ಇಳಿಜಾರಾಗಿರುತ್ತದೆ. ಜ್ವರ ಇಳಿದ ಮೇಲೆ ಅದು ಕಾಣದೇ ಹೋಗಬಹುದು, ಹಾಗಾಗಿ ಜ್ವರ ಇರುವಾಗಲೇ ಇಸಿಜಿ ತೆಗೆಸಿ.

ಮನೆಯಲ್ಲಿ ಯಾರಾದರೂ 40 ದಾಟುವ ಮುಂಚೆ ಇದ್ದಕ್ಕಿದ್ದಂತೆ ಹೋದರೇ ಅಂತ ಕೇಳಲು ಸಂಕೋಚ ಆಗುತ್ತದೆ. ಕೇಳಲೇಬೇಕು. ನೀರಿನಲ್ಲಿ ಮುಳುಗಿ ಹೋದರು, ಗಾಡಿ ತಾನಾಗಿಯೇ ಮರಕ್ಕೆ ಗುದ್ದಿತು, ನಿದ್ದೆಯಲ್ಲೇ ಹೋದರು ಅನ್ನುವ ಹಳೆಯ ಕಥೆಗಳಲ್ಲಿ ಕೆಲವೊಮ್ಮೆ ಉತ್ತರ ಅಡಗಿರುತ್ತದೆ.

ಮುಂದಿನ ಹೆಜ್ಜೆ ದೋಷ ಎಷ್ಟು ಸಲ ಬರುತ್ತದೆ ಅನ್ನುವುದರ ಮೇಲೆ. ದಿನಾ ಬರುತ್ತಿದ್ದರೆ 24 ಗಂಟೆಯ ಹೋಲ್ಟರ್, ಅಂದರೆ ಮೈಮೇಲೆ ಕಟ್ಟಿಕೊಂಡು ಓಡಾಡುವ ಇಸಿಜಿ. ವಾರಕ್ಕೊಮ್ಮೆ ಆದರೆ ಎದೆಗೆ ಅಂಟಿಸುವ ಪ್ಯಾಚ್. ವರ್ಷಕ್ಕೆ ಎರಡು ಸಲ ಬೀಳುವವರಿಗೆ ಒಂದು ದಿನದ ಹೋಲ್ಟರ್ ಹಾಕಿ ನಾರ್ಮಲ್ ಬಂತು ಅನ್ನುವುದಕ್ಕೆ ಅರ್ಥವಿಲ್ಲ, ಅವರಿಗೆ ಚರ್ಮದ ಕೆಳಗಿಡುವ ಲೂಪ್ ರೆಕಾರ್ಡರ್ ಬೇಕು. ಶ್ರಮಪಟ್ಟಾಗ ಬರುವುದಾದರೆ ಟ್ರೆಡ್‌ಮಿಲ್. ಕ್ಯಾಲ್ಸಿಯಂ ಸೋರುವ ಸಿಪಿವಿಟಿ ಎಂಬ ದೋಷದಲ್ಲಿ ಮಲಗಿ ತೆಗೆದ ಇಸಿಜಿ ಪೂರ್ತಿ ಸರಿ ಇರುತ್ತದೆ, ಓಡಿಸಿದಾಗಲೇ ಬಯಲಾಗುವುದು. ಗಾಯದ ಕಲೆ ಎಲ್ಲಿದೆ ಅನ್ನುವುದಕ್ಕೆ ಎಕೋ ಮತ್ತು ಎಂಆರ್‌ಐ. ಕೈಗಡಿಯಾರ ಏಟ್ರಿಯಲ್ ಫಿಬ್ರಿಲೇಶನ್ ಹಿಡಿಯಲು ಉಪಯೋಗಕ್ಕೆ ಬರುತ್ತದೆ, ಆದರೆ ಅದು ಸುಮ್ಮನಿದೆ ಅಂತ ವಿಟಿ ಇಲ್ಲ ಅಂದುಕೊಳ್ಳಬೇಡಿ.

ಶಾಕ್ ಮತ್ತು ಆ ಒಂದು ಬಟನ್

ಶಾಕ್ ಕೊಡುವುದು ಹೃದಯವನ್ನು ಎಬ್ಬಿಸಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಸ್ನಾಯುವಿನ ಬಹುಪಾಲನ್ನು ಒಂದೇ ಏಟಿಗೆ ದಣಿಸಿ ಸುಳಿಗಳಿಗೆ ಹೋಗಲು ನೆಲ ಇಲ್ಲದ ಹಾಗೆ ಮಾಡುತ್ತದೆ. ಸುಳಿ ಸತ್ತ ಮೇಲೆ ಎಸ್‌ಎ ನೋಡ್ ತನ್ನ ಕೆಲಸ ಶುರು ಮಾಡುತ್ತದೆ. ಅದಕ್ಕೇ ಗೆರೆ ನೆಟ್ಟಗಾದವರಿಗೆ ಶಾಕ್ ಕೊಟ್ಟು ಪ್ರಯೋಜನ ಇಲ್ಲ. ಅಲ್ಲಿ ಕೊಲ್ಲಲು ಸುಳಿಯೇ ಇಲ್ಲ, ಎದೆ ಒತ್ತುವುದು ಮತ್ತು ಅಡ್ರಿನಲಿನ್ ಬೇಕು.

ನಾಡಿ ಇರುವ ವಿಟಿಗೆ ಶಾಕ್ ಕೊಡುವಾಗ ಸಿಂಕ್ ಬಟನ್ ಒತ್ತಿದ್ದೀರಾ ನೋಡಿ. ಟಿ ಅಲೆಯ ತುದಿಗೆ ಸ್ವಲ್ಪ ಮುಂಚೆ, ಅರ್ಧ ಹೃದಯ ಎದ್ದು ಅರ್ಧ ಇನ್ನೂ ದಣಿದಿರುವ ಒಂದು ಕ್ಷಣ ಇದೆ. ಆ ಕ್ಷಣದಲ್ಲಿ ಬಿದ್ದ ಏಟು ವಿಟಿಯನ್ನು ವಿಎಫ್ ಮಾಡಬಹುದು. ಎದೆಗೆ ಚೆಂಡು ಬಡಿದು ಆರೋಗ್ಯವಂತ ಹುಡುಗರು ಕುಸಿಯುವುದೂ ಇದೇ ಕ್ಷಣದಲ್ಲಿ. ಸಿಂಕ್ ಒತ್ತಿದರೆ ಮೆಷಿನ್ ಕ್ಯೂಆರ್‌ಎಸ್‌ನ ಮೇಲ್ತುದಿಯಾದ ಆರ್ ಗೀಟಿಗೆ ಕಾದು ಶಾಕ್ ಬಿಡುತ್ತದೆ. ವಿಎಫ್‌ನಲ್ಲಿ ಮಾತ್ರ ಸಿಂಕ್ ತೆಗೆಯಲೇಬೇಕು, ಯಾಕೆಂದರೆ ಅಲ್ಲಿ ಆರ್ ಇರುವುದೇ ಇಲ್ಲ, ಮೆಷಿನ್ ಕಾಯುತ್ತಲೇ ನಿಲ್ಲುತ್ತದೆ. ಶಾಕ್ ಯಾಕೆ ಬಿಡುತ್ತಿಲ್ಲ ಅಂತ ಗಾಬರಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಾಗ, ಮೊದಲು ನೋಡಬೇಕಾದ ಜಾಗ ಇದು.

ದಾರಿ ಕಡಿಯುವುದು

ತುರ್ತು ಮುಗಿದ ಮೇಲೆ ಮೂಲ ಉಳಿದಿರುತ್ತದೆ. ಔಷಧಿಯಿಂದ ಆದದ್ದಾದರೆ ಔಷಧಿ ತೆಗೆದರೆ ಮುಗಿಯಿತು. ಹುಟ್ಟಿನ ಕ್ಯೂಟಿ ದೋಷಕ್ಕೆ, ಸಿಪಿವಿಟಿಗೆ ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್‌ನ ಪ್ರಭಾವ ತಗ್ಗಿಸುವ ಮಾತ್ರೆ. ಮತ್ತೆ ಬರುವ ಅಪಾಯ ಜಾಸ್ತಿ ಇರುವವರಿಗೆ ಐಸಿಡಿ, ಅಂದರೆ ಎದೆಯೊಳಗೇ ಕಾವಲು ಕೂರುವ ಚಿಕ್ಕ ಡಿಫಿಬ್ರಿಲೇಟರ್. ಮಿಷೆಲ್ ಮಿರೋವ್ಸ್ಕಿ ಅವರ ವರ್ಷಗಳ ಹಟದಿಂದ 1980ರಲ್ಲಿ ಮೊದಲ ಬಾರಿ ಮನುಷ್ಯರೊಳಗೆ ಇಟ್ಟದ್ದು. ಒಂದು ಮಾತು ತಿಳಿದಿರಲಿ. ಐಸಿಡಿ ಬೆಂಕಿ ಆರಿಸುತ್ತದೆ, ಹುಲ್ಲು ತೆಗೆಯುವುದಿಲ್ಲ.

ಹುಲ್ಲು ತೆಗೆಯುವ ಕೆಲಸ ಅಬ್ಲೇಶನ್‌ನದ್ದು. ತೊಡೆಯ ರಕ್ತನಾಳದಿಂದ ತೆಳು ತಂತಿ ಒಳಗೆ ಬಿಟ್ಟು, ಹೃದಯದ ಒಳಗೋಡೆಯ ಒಂದೊಂದು ಬಿಂದುವಿನಲ್ಲೂ ಅಲೆ ಯಾವಾಗ ಬಂತು ಅಂತ ಗುರುತು ಹಾಕುತ್ತಾ ಹೋಗುತ್ತಾರೆ. ಪರದೆಯ ಮೇಲೆ ಬಣ್ಣದ ನಕ್ಷೆ ಏಳುತ್ತದೆ. ಅಲೆ ಎಲ್ಲಿ ಕಲೆಯೊಳಗೆ ನುಗ್ಗಿತು, ಎಲ್ಲಿ ತೆವಳಿತು, ಎಲ್ಲಿಂದ ಹೊರಬಂತು. ಆ ಕಾಲುದಾರಿಯ ಅತಿ ಕಿರಿದಾದ ಜಾಗಕ್ಕೆ ತಂತಿಯ ತುದಿ ಇಟ್ಟು ಬಿಸಿ ಮಾಡುತ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡಿದ ಒಂದು ಸಲ, 170ರಲ್ಲಿ ಓಡುತ್ತಿದ್ದ ಬಡಿತ ಬಿಸಿ ಹಚ್ಚಿದ ಕೆಲವೇ ಸೆಕೆಂಡಿಗೆ ಟಕ್ ಅಂತ ನಿಂತು 70ಕ್ಕೆ ಬಂತು. ಉಂಗುರ ಒಂದು ಕಡೆ ಕತ್ತರಿಸಿ ನೋಡಿ ಅಂತ ಮೈನ್ಸ್ ಹೇಳಿದ್ದು ಇದನ್ನೇ.

ಅಲ್ಲಿಗೆ ಯಾರೂ ಕೈ ತೊಳೆದುಕೊಳ್ಳಲಿಲ್ಲ. ಅದೇ ತಂತಿಯಿಂದ, ಮೊದಲು ವಿಟಿ ಎಬ್ಬಿಸಿದ್ದ ಅದೇ ಅಂತರದಲ್ಲಿ ಹೆಚ್ಚುವರಿ ಬಡಿತ ಹಾಕಿದರು. ಒಂದು, ಎರಡು, ಮೂರು. ಇನ್ನೊಂದು ಜಾಗಕ್ಕೆ ತಂತಿ ಸರಿಸಿ ಮತ್ತೆ ಹಾಕಿದರು. ಪ್ರತಿ ಸಲವೂ ಅಲೆ ಒಂದು ಸುತ್ತು ಹರಡಿ ಆರಿಹೋಯಿತು, ಮುಂದಿನ ಬಡಿತ ಎಸ್‌ಎ ನೋಡ್‌ನಿಂದಲೇ ಬಂತು.